ಕಪ್ ಗೆಲ್ಲದ ಮಾಸ್ತರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವ ಜಾತ್ರೆಗಾದರೂ ಹೋಗಿ ನೋಡಿ. ಕುಸ್ತಿ ಇರುತ್ತದೆ, ಸಂಗ್ರಾಣಿ ಕಲ್ಲು ಎತ್ತುವವರು ಇರುತ್ತಾರೆ, ಜೋಡೆತ್ತಿನ ಬಂಡಿ ಓಟ ಇರುತ್ತದೆ. ಸೈಕ್ಲಿಂಗ್‌ನಲ್ಲಂತೂ ವಿಜಯಪುರ ಜಿಲ್ಲೆಗೆ ದೇಶದ ಮಟ್ಟದ ಹೆಸರಿದೆ. ಶಾಲೆಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್. ಸಂಜೆ ಬಯಲಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್. ಫುಟ್‌ಬಾಲ್ ಮಾತ್ರ ಹುಡುಕಿಕೊಂಡು ಹೋಗಬೇಕು. ಆದರೂ ಈ ಭಾಗದ ಎಷ್ಟೋ ಮನೆಗಳಲ್ಲಿ ಫುಟ್‌ಬಾಲಿನ ಮಾತು ಬರುತ್ತದೆ. ಅದನ್ನು ತಂದದ್ದು ಗೋವಾದ ಬಸ್ಸು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋದ ನಮ್ಮ ಮಂದಿ ವಾಸ್ಕೊದ ಬೈನಾ, ಝುವಾರಿನಗರ, ಮಡಗಾಂವ್ ಸುತ್ತಮುತ್ತ ನೆಲೆ ನಿಂತರು. ಗಾರೆ ಕೆಲಸ, ಹಮಾಲಿ, ರಸ್ತೆ ಕೆಲಸ ಮಾಡಿದರು. ಅವರ ಮಕ್ಕಳು ಅಲ್ಲಿಯ ಶಾಲೆಗೆ ಸೇರಿದರು. ಗೋವಾದ ಶಾಲೆಯ ಅಂಗಳದಲ್ಲಿ ಹುಡುಗನೊಬ್ಬ ಮೊದಲು ಕಾಲಿಗೆ ಹಚ್ಚಿಕೊಳ್ಳುವುದು ಚೆಂಡನ್ನೇ. ರಜೆಗೆಂದು ಊರಿಗೆ ಬಂದಾಗ ಆ ಹುಡುಗರ ಮೈಮೇಲೆ ಯಾವುದೋ ಕ್ಲಬ್ಬಿನ ಜೆರ್ಸಿ, ಬಾಯಲ್ಲಿ ಸಾಳಗಾಂವಕರ್, ಡೆಂಪೊ, ಚರ್ಚಿಲ್ ಎಂಬ ಹೆಸರುಗಳು.

2020ರ ಲಾಕ್‌ಡೌನ್‌ನಲ್ಲಿ ಗೋವಾದಲ್ಲಿ ಸಿಕ್ಕಿಬಿದ್ದ ಕನ್ನಡದ ಕೂಲಿಗಳ ಸುದ್ದಿ ಪತ್ರಿಕೆಗಳ ತುಂಬ ಇತ್ತು. ಊರಿಗೆ ಮರಳಲು ಅವರು ಪಟ್ಟ ಪಾಡು ಈ ತಾಲ್ಲೂಕುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಅವರು ಹಾಗೆ ಮರಳಿದ ಕೆಲವೇ ತಿಂಗಳಲ್ಲಿ ಇಡೀ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಗೋವಾಕ್ಕೆ ಹೋಗಿ ಕುಳಿತಿತು. ಕೋವಿಡ್ ಕಾರಣದಿಂದ 2020–21 ಮತ್ತು 2021–22ರ ಎರಡು ಸೀಸನ್ನುಗಳನ್ನು ಪೂರ್ತಿಯಾಗಿ ಫತೋರ್ಡಾ, ಬಾಂಬೋಳಿ ಮತ್ತು ವಾಸ್ಕೊದ ತಿಲಕ್ ಮೈದಾನದಲ್ಲೇ ಆಡಿಸಿದರು. ಆಟಗಾರರು ಹೋಟೆಲಿನಲ್ಲಿ ಬಂದಿ, ಗ್ಯಾಲರಿ ಖಾಲಿ. ನಮ್ಮವರು ವರ್ಷಗಟ್ಟಲೆ ಬಾಡಿಗೆ ಕಟ್ಟಿ ಬದುಕಿದ ವಾಸ್ಕೊದಲ್ಲೇ, 2021ರಲ್ಲಿ, ಸರ್ಬಿಯಾದಿಂದ ಗುಳೆ ಬಂದ ಒಬ್ಬ ತರಬೇತುದಾರ ಭಾರತದ ಫುಟ್‌ಬಾಲನ್ನು ಹತ್ತಿರದಿಂದ ಕಂಡರು. ಹೆಸರು ಇವಾನ್ ವುಕೊಮಾನೊವಿಚ್. ಆಗ ಕೇರಳ ಬ್ಲಾಸ್ಟರ್ಸ್ ತಂಡದ ಕೋಚ್.

ಗುಳೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕೋಟಿಗಟ್ಟಲೆ ವ್ಯವಹಾರದ ಲೀಗಿನ ಕೋಚ್‌ಗೂ ಇಂಡಿಯ ಗೌಂಡಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಸಂಬಳದಲ್ಲಿ ಖಂಡಿತ ಇಲ್ಲ. ಕೆಲಸದ ಸ್ವಭಾವದಲ್ಲಿ ಇದೆ. ಊರಲ್ಲಿ ಕಲಿತ ಕಸುಬನ್ನು ಪರಊರಿಗೆ ಒಯ್ದು ಮಾರಬೇಕು. ಕರಾರು ಮುಗಿದರೆ ಜಾಗ ಖಾಲಿ ಮಾಡಬೇಕು. ನಡುವೆ ಬರುವ ಮುಕಾದಮನ ಹೆಸರು ಅಲ್ಲಿ ಏಜೆಂಟ್.

ವುಕೊಮಾನೊವಿಚ್ ಹುಟ್ಟಿದ್ದು 1977ರ ಜೂನ್ 19ರಂದು, ಪಶ್ಚಿಮ ಸರ್ಬಿಯಾದ ಉಝಿತ್ಸೆಯಲ್ಲಿ. ಆಗ ಅದು ಯುಗೊಸ್ಲಾವಿಯಾ. ಊರಿನ ಹೆಸರಿಗೂ ಮುಂದೆ ಮಾರ್ಷಲ್ ಟಿಟೊ ಹೆಸರು ಸೇರಿಸಿ ಟಿಟೊವೊ ಉಝಿತ್ಸೆ ಎನ್ನುತ್ತಿದ್ದರು. ಗುಡ್ಡಗಳ ನಡುವಿನ ಊರು, ನಮ್ಮ ಇಂಡಿ–ಸಿಂದಗಿಗಿಂತ ತುಸು ದೊಡ್ಡದು ಅಷ್ಟೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ನಾಯಕನಾಗಿದ್ದ ನೆಮಾನ್ಯ ವಿಡಿಚ್ ಹುಟ್ಟಿದ್ದೂ ಅಲ್ಲೇ. ಐದು ಬೇರೆ ಬೇರೆ ದೇಶಗಳ ತಂಡಗಳನ್ನು ಐದು ವಿಶ್ವಕಪ್‌ಗಳಿಗೆ ಕರೆದೊಯ್ದ ಬೋರಾ ಮಿಲುಟಿನೊವಿಚ್ ಅವರ ಊರು ಬಾಯಿನಾ ಬಾಷ್ತಾ ಅದೇ ಸೀಮೆಯದು.

ಇವಾನ್ ದೊಡ್ಡ ತಾರೆಯಾಗಿರಲಿಲ್ಲ. ರಕ್ಷಣೆಯ ಸಾಲಿನಲ್ಲಿ, ಅದರ ಮುಂದಿನ ಮಿಡ್‌ಫೀಲ್ಡಿನಲ್ಲಿ ಆಡಿದ ಗಟ್ಟಿಮುಟ್ಟು ಆಟಗಾರ. ಫ್ರಾನ್ಸಿನ ಬೋರ್ಡೊ, ಜರ್ಮನಿಯ ಕೋಲ್ನ್, ಬೆಲ್‌ಗ್ರೇಡಿನ ರೆಡ್ ಸ್ಟಾರ್, ರಷ್ಯಾದ ಡೈನಮೊ ಮಾಸ್ಕೊ, ಬೆಲ್ಜಿಯಂನ ಕ್ಲಬ್ಬುಗಳು, ಕೊನೆಗೆ ಚೀನಾದ ಕಿಂಗ್‌ಡಾವೊ. ಹೀಗೆ ಊರೂರು ಸುತ್ತಿದವರಿಗೆ ಭಾಷೆಗಳು ಬರುತ್ತವೆ, ಡ್ರೆಸಿಂಗ್ ರೂಮಿನ ಜಗಳಗಳು ಗೊತ್ತಿರುತ್ತವೆ, ಬೆಂಚಿನ ಮೇಲೆ ಕೂರಿಸಿದ ಹುಡುಗನ ಹೊಟ್ಟೆಸಂಕಟ ಗೊತ್ತಿರುತ್ತದೆ. ಕೋಚ್ ಆಗಲು ಅದೂ ಒಂದು ಅರ್ಹತೆಯೇ. ಆಟ ನಿಲ್ಲಿಸಿದ ಮೇಲೆ ಬೆಲ್ಜಿಯಂನ ಸ್ಟ್ಯಾಂಡರ್ಡ್ ಲಿಯೆಜ್‌ನಲ್ಲಿ ಸಹಾಯಕರಾದರು. 2014ರ ಅಕ್ಟೋಬರಿನಲ್ಲಿ ಅಲ್ಲಿಯೇ ಮುಖ್ಯ ಕೋಚ್ ಆದರು. ಮುಂದಿನ ಫೆಬ್ರುವರಿಗೆ ಕೆಲಸ ಹೋಯಿತು. ಸ್ಲೊವಾಕಿಯಾದ ಸ್ಲೊವಾನ್ ಬ್ರಾಟಿಸ್ಲಾವಾಕ್ಕೆ 2017ರಲ್ಲಿ ದೇಶದ ಕಪ್ ಗೆದ್ದುಕೊಟ್ಟರು. ಅದೇ ವರ್ಷ ಅಲ್ಲಿಂದಲೂ ಹೊರಟರು. ಸೈಪ್ರಸ್‌ನ ಅಪೊಲೊನ್ ಲಿಮಸೊಲ್‌ನಲ್ಲಿ ಕಾಲೂರಲಿಲ್ಲ. ಕೊಚ್ಚಿಯಿಂದ ಕರೆ ಬಂದಾಗ ಅವರ ಕೈಯಲ್ಲಿ ಕೆಲಸ ಇರಲಿಲ್ಲ.

ಸರ್ಬಿಯಾದಿಂದ ಇಷ್ಟೊಂದು ಕೋಚ್‌ಗಳು ಹೊರಗೆ ಹೋಗುವುದೇಕೆ? ಜನಸಂಖ್ಯೆ 2022ರ ಗಣತಿಯಂತೆ 66 ಲಕ್ಷ ಚಿಲ್ಲರೆ. ವಿಜಯಪುರದಂಥ ಮೂರು ಜಿಲ್ಲೆ ಕೂಡಿಸಿದರೆ ಒಂದು ಸರ್ಬಿಯಾ ಆಗುತ್ತದೆ. ಯುಗೊಸ್ಲಾವಿಯಾದ ಕಾಲದಲ್ಲಿ ಆಟಗಾರರು 28 ತುಂಬುವವರೆಗೆ ಹೊರದೇಶದ ಕ್ಲಬ್ಬು ಸೇರುವಂತಿರಲಿಲ್ಲ. ಹರೆಯವೆಲ್ಲ ಊರಿನ ಕ್ಲಬ್ಬಿನಲ್ಲೇ ಕಳೆದು, ಆಟ ಮಾಗಿದ ಮೇಲೆ ಹೊರಟವರು ಒಂದೆರಡು ಸೀಸನ್ ಆಡಿ ಅಲ್ಲೇ ಕೋಚ್ ಆಗುವುದು ಬಳಕೆಯಾಯಿತು. ಆಮೇಲೆ ದೇಶವೇ ಒಡೆಯಿತು. 1992ರಲ್ಲಿ ವಿಶ್ವಸಂಸ್ಥೆಯ ನಿರ್ಬಂಧದಿಂದಾಗಿ ಯುಗೊಸ್ಲಾವಿಯಾವನ್ನು ಯುರೊ ಟೂರ್ನಿಯಿಂದ ಹೊರಹಾಕಿದರು. ಕಡೆ ಗಳಿಗೆಯಲ್ಲಿ ಆ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಎತ್ತಿಕೊಂಡು ಹೋಯಿತು. ಯುದ್ಧ, ಹಣದುಬ್ಬರ, ಖಾಲಿಯಾದ ಕ್ಲಬ್ಬುಗಳ ಗಲ್ಲೆ. ಕಸುಬು ಬಲ್ಲವರು ಊರಲ್ಲಿ ಕುಳಿತು ಮಾಡುವುದಾದರೂ ಏನಿತ್ತು?

ಬೋರಾ ಅವರ ಕತೆಯೇ ಒಂದು ಪುಸ್ತಕವಾದೀತು. ಮೂವರು ಅಣ್ಣತಮ್ಮಂದಿರು, ಮೂವರೂ ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿಗೆ ಆಡಿದವರು. ಬೋರಾ ಫ್ರಾನ್ಸು, ಸ್ವಿಟ್ಜರ್ಲೆಂಡು ಮುಗಿಸಿ ಮೆಕ್ಸಿಕೊದಲ್ಲಿ ಆಟ ನಿಲ್ಲಿಸಿ ಅಲ್ಲೇ ಕೋಚ್ ಆದರು. 1986ರಲ್ಲಿ ಮೆಕ್ಸಿಕೊವನ್ನು ಕ್ವಾರ್ಟರ್ ಫೈನಲ್‌ಗೆ ಒಯ್ದರು. 1990ರಲ್ಲಿ ಕೋಸ್ಟರಿಕಾ ಅವರ ಕೈಯಲ್ಲಿ ಸ್ಕಾಟ್ಲೆಂಡ್, ಸ್ವೀಡನ್ ಎರಡನ್ನೂ ಸೋಲಿಸಿತು. 1994ರಲ್ಲಿ ಅಮೆರಿಕ, 1998ರಲ್ಲಿ ನೈಜೀರಿಯಾ. ಈ ನಾಲ್ಕೂ ತಂಡಗಳು ಮೊದಲ ಸುತ್ತು ದಾಟಿದವು. 2002ರಲ್ಲಿ ಚೀನಾ ಮಾತ್ರ ಒಂದು ಗೋಲೂ ಹೊಡೆಯದೆ ಮನೆಗೆ ಬಂತು; ಆದರೆ ಚೀನಾ ವಿಶ್ವಕಪ್ ಆಡಿದ್ದೂ ಅದೊಂದೇ ಸಲ. ವುಯಾದಿನ್ ಬೊಷ್ಕೊವ್ ಇಟಲಿಯ ಸಂಪ್ಡೋರಿಯಾ ಎಂಬ ಮಧ್ಯಮ ಕ್ಲಬ್ಬಿಗೆ 1991ರಲ್ಲಿ ಲೀಗ್ ಗೆದ್ದುಕೊಟ್ಟರು. ರಡೊಮಿರ್ ಆಂಟಿಚ್ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಟ್ಲೆಟಿಕೊ ಮ್ಯಾಡ್ರಿಡ್ ಮೂರಕ್ಕೂ ಕೋಚ್ ಆದ ಒಬ್ಬನೇ ಒಬ್ಬ ಮನುಷ್ಯ. ಮಿಚೊ ಎಂದೇ ಹೆಸರಾದ ಮಿಲುಟಿನ್ ಸ್ರೆಡೊಯೆವಿಚ್ ಆಫ್ರಿಕಾದಲ್ಲೇ ಬದುಕು ಸವೆಸಿ, ಉಗಾಂಡವನ್ನು 1978ರ ನಂತರ ಮೊದಲ ಸಲ, 2017ರ ಆಫ್ರಿಕಾ ಕಪ್‌ಗೆ ಮುಟ್ಟಿಸಿದರು.

ಭಾರತಕ್ಕೂ ಆ ಕಡೆಯವರ ನಂಟು ಹಳೆಯದು, ಮತ್ತು ಅದು ಶುರುವಾಗುವುದು ಒಂದು ಭಾರೀ ಏಟಿನಿಂದ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಒಬ್ಬರಾಗಿದ್ದ ಅವರನ್ನು ಕಲ್ಕತ್ತ ಇಂದಿಗೂ ನೆನೆಯುತ್ತದೆ; ನಾವು ಅಷ್ಟಾಗಿ ನೆನೆದದ್ದು ಕಾಣೆ. ನಾಲ್ಕು ವರ್ಷ ಬಿಟ್ಟು ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲೂ ಎದುರಿಗೆ ಬಂದದ್ದು ಯುಗೊಸ್ಲಾವಿಯಾವೇ. ಆಗ 4–1.

1980ರ ದಶಕದಲ್ಲಿ ಭಾರತ ತಂಡಕ್ಕೇ ಅಲ್ಲಿಂದ ಒಬ್ಬರು ಕೋಚ್ ಬಂದರು: ಮಿಲೊವಾನ್ ಚಿರಿಚ್. ರೆಡ್ ಸ್ಟಾರ್‌ನ ಕೋಚ್ ಆಗಿ ಯುಗೊಸ್ಲಾವಿಯಾದ ಲೀಗ್ ಗೆದ್ದವರು, ಇಟಲಿಯ ಲಾಜಿಯೊದಲ್ಲಿ ಕೆಲಸ ಮಾಡಿದವರು. ಭಾರತಕ್ಕೆ ಬರುವ ಹೊತ್ತಿಗೆ ಅರವತ್ತು ದಾಟಿತ್ತು. 1984ರ ಜನವರಿಯಲ್ಲಿ ಕಲ್ಕತ್ತದ ನೆಹರೂ ಕಪ್‌ನಲ್ಲಿ ಅರ್ಜೆಂಟೀನಾದಂಥ ತಂಡ ಭಾರತದ ಮೇಲೆ ಗೆಲ್ಲಲು ಒಂದೇ ಗೋಲಿಗೆ ತೃಪ್ತಿಪಡಬೇಕಾಯಿತು. ಅದೇ ವರ್ಷ ಭಾರತ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. 1964ರ ನಂತರ ಮೊದಲ ಬಾರಿಗೆ. ಸಿಂಗಪುರದಲ್ಲಿ ಇರಾನ್ ವಿರುದ್ಧ ಗೋಲಿಲ್ಲದ ಡ್ರಾ, ಉಳಿದ ಮೂರರಲ್ಲಿ ಸೋಲು. ಚಿರಿಚ್ 1986ರಲ್ಲಿ ತೀರಿಕೊಂಡರು. ಭಾರತ ಮತ್ತೆ ಏಷ್ಯಾ ಕಪ್ ಆಡಲು 2011 ಬರಬೇಕಾಯಿತು.

ಇನ್ನೊಬ್ಬರು ಝೊರಾನ್ ಜೊರ್ಜೆವಿಚ್. ಮಡಗಾಂವ್‌ನ ಚರ್ಚಿಲ್ ಬ್ರದರ್ಸ್ ಕ್ಲಬ್ಬಿಗೆ ಬಂದು 2008–09ರ ಐ–ಲೀಗ್ ಗೆದ್ದುಕೊಟ್ಟರು. ಮರುವರ್ಷ ಢಾಕಾದಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಬಾಂಗ್ಲಾದೇಶಕ್ಕೆ ಚಿನ್ನ ಕೊಡಿಸಿದರು. 2012ರಲ್ಲಿ, ಆಗಷ್ಟೇ ಹುಟ್ಟಿದ ದಕ್ಷಿಣ ಸುಡಾನ್ ದೇಶದ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೆ ತಂಡ ಕಟ್ಟಿದರು. ಭಾರತದಲ್ಲಿ ಕಪ್ ಗೆದ್ದ ಸರ್ಬಿಯನ್ ಕೋಚ್ ಯಾರು ಎಂದು ಇಂದು ಕೊಚ್ಚಿಯಲ್ಲೋ ಬೆಂಗಳೂರಿನಲ್ಲೋ ಕೇಳಿ. ಹತ್ತರಲ್ಲಿ ಒಂಬತ್ತು ಜನ ಝೊರಾನ್ ಹೆಸರು ಹೇಳಲಾರರು. ಇಲ್ಲಿ ಕಪ್ ಗೆಲ್ಲದ ಇವಾನ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಈ ಲೇಖನ ಬರೆಯಲು ಕಾರಣವೇ ಆ ಒಗಟು.

2021ರ ಜೂನ್‌ನಲ್ಲಿ ಬ್ಲಾಸ್ಟರ್ಸ್ ಇವಾನ್ ಅವರನ್ನು ನೇಮಿಸಿದಾಗ ತಂಡದ ಸ್ಥಿತಿ ಹೇಳುವಂತಿರಲಿಲ್ಲ. ಹಿಂದಿನ ಸೀಸನ್ನಿನಲ್ಲಿ ಹನ್ನೊಂದು ತಂಡಗಳಲ್ಲಿ ಹತ್ತನೆಯ ಸ್ಥಾನ. 2014ರಲ್ಲಿ ಹುಟ್ಟಿದ ಕ್ಲಬ್ಬು ಏಳು ವರ್ಷದಲ್ಲಿ ಇಂಗ್ಲೆಂಡು, ಹಾಲೆಂಡು, ಪೋರ್ಚುಗಲ್, ಸ್ಪೇನಿನ ಕೋಚ್‌ಗಳನ್ನೆಲ್ಲ ತಂದು ಕಳಿಸಿತ್ತು. ಯಾರೂ ಒಂದು ಸೀಸನ್ ಮುಗಿಸಿ ಎರಡನೆಯದಕ್ಕೆ ಭದ್ರವಾಗಿ ಕುಳಿತದ್ದಿಲ್ಲ. ಇವಾನ್ ಅವರ ಮೊದಲ ಪಂದ್ಯವೂ ಅದೇ ಧಾಟಿಯಲ್ಲಿ ಹೋಯಿತು: ಎಟಿಕೆ ಮೋಹನ್ ಬಾಗಾನ್ ಕೈಯಲ್ಲಿ 2–4ರ ಸೋಲು. ಆಮೇಲೆ ಸತತ ಹತ್ತು ಪಂದ್ಯ ಸೋಲಲಿಲ್ಲ. ಜನವರಿಯಲ್ಲಿ ತಂಡ ಪಟ್ಟಿಯ ನೆತ್ತಿಯ ಮೇಲಿತ್ತು.

ಅವರು ಮಾಡಿದ ಕೆಲಸದಲ್ಲಿ ಮಾಟಮಂತ್ರ ಏನೂ ಇರಲಿಲ್ಲ. 4–4–2ರ ಹಳೆಯ ಕಟ್ಟು. ಉರುಗ್ವೆಯ ಆಡ್ರಿಯಾನ್ ಲೂನಾ ಎಂಬ ಸಣ್ಣ ದೇಹದ ಆಟಗಾರ ದಾಳಿಯಲ್ಲಿ ಎಷ್ಟು ಓಡುತ್ತಿದ್ದನೋ ಚೆಂಡು ಕಳೆದುಕೊಂಡಾಗ ಅದಕ್ಕಿಂತ ಹೆಚ್ಚು ಓಡಿ ಹಿಂದೆ ಬರುತ್ತಿದ್ದ. ವಿದೇಶಿ ನಾಯಕನೇ ಹಾಗೆ ಬೆವರು ಹರಿಸಿದರೆ ಇಪ್ಪತ್ತೊಂದರ ಹುಡುಗ ನಿಂತು ನೋಡುವಂತಿಲ್ಲ. ಸಹಲ್ ಅಬ್ದುಲ್ ಸಮದ್ ಎಂಬ ಪ್ರತಿಭಾವಂತ, ಚೆಂದಕ್ಕೆ ಆಡುತ್ತಾನೆ, ಗೋಲು ಹೊಡೆಯುವುದಿಲ್ಲ ಎಂಬ ದೂರು ಹೊತ್ತಿದ್ದ. ಅವನನ್ನು ಗೋಲಿನ ಸಮೀಪಕ್ಕೆ ತಳ್ಳಿದರು, ಅವನು ಹೊಡೆಯತೊಡಗಿದ. ಲೀಗಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಜಮ್ಶೆಡ್‌ಪುರವನ್ನು ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಕೂಡಿ 2–1ರಿಂದ ಮಣಿಸಿದಾಗ ಗೋಲು ಬಂದದ್ದು ಸಹಲ್ ಮತ್ತು ಲೂನಾ ಅವರಿಂದಲೇ.

2022ರ ಮಾರ್ಚ್ 20, ಫತೋರ್ಡಾ. ಫೈನಲ್‌ಗೆ ಪ್ರೇಕ್ಷಕರನ್ನು ಬಿಟ್ಟರು. ಕಾಸರಗೋಡು, ಮಂಗಳೂರು, ಉಡುಪಿ, ಕಾರವಾರ ದಾಟುವ ಕರಾವಳಿಯ ಹೆದ್ದಾರಿಯೇ ಅಭಿಮಾನಿಗಳಿಗೆ ಕೇರಳದಿಂದ ಗೋವಾಕ್ಕೆ ದಾರಿ. ಎದುರಾಳಿ ಹೈದರಾಬಾದ್ ತಂಡದ ಬಣ್ಣವೂ ಹಳದಿ, ಆ ದಿನ ಹಳದಿ ತೊಡುವ ಹಕ್ಕು ಅವರದಾಗಿತ್ತು. ಹೀಗಾಗಿ ಹಳದಿಗೇ ಹೆಸರಾದ ಬ್ಲಾಸ್ಟರ್ಸ್ ಕಪ್ಪು–ನೀಲಿ ಜೆರ್ಸಿಯಲ್ಲಿ ಇಳಿಯಿತು, ಗ್ಯಾಲರಿ ತುಂಬ ಮಾತ್ರ ಹಳದಿ. ತ್ರಿಶೂರಿನ ಕೆ.ಪಿ. ರಾಹುಲ್ 68ನೇ ನಿಮಿಷದಲ್ಲಿ ಗೋಲು ಹೊಡೆದ. ಇನ್ನೇನು ಕಪ್ ಕೈಗೆ ಬಂತು ಎನ್ನುವಾಗ, 88ನೇ ನಿಮಿಷದಲ್ಲಿ ಸಾಹಿಲ್ ಟವೋರಾ ದೂರದಿಂದ ಬಾರಿಸಿ ಸಮ ಮಾಡಿದ. ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ 1–3ರಿಂದ ಸೋತಿತು.

ಮೂರು ಒದೆತಗಳನ್ನು ತಡೆದ ಹೈದರಾಬಾದ್ ಗೋಲ್‌ಕೀಪರ್ ಹೆಸರು ಲಕ್ಷ್ಮೀಕಾಂತ ಕಟ್ಟೀಮನಿ, ಗೋವಾದ ಹುಡುಗ. ಕಟ್ಟೀಮನಿ ಎಂಬ ಅಡ್ಡಹೆಸರು ಕಿವಿಗೆ ಬಿದ್ದರೆ ನಮ್ಮ ಕಡೆಯವರು ಯಾವ ಊರಿನವರಪ್ಪಾ ಎಂದು ಕೇಳದೆ ಬಿಡುವುದಿಲ್ಲ. ಕಮೆಂಟರಿಯಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತಿದ್ದಾಗ ನನ್ನ ಮನಸ್ಸು ಕೊಚ್ಚಿಯನ್ನು ಬಿಟ್ಟು ಹೈದರಾಬಾದ್ ಪರವಾಯಿತು ಎಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ಸೋತರೂ ಕೇರಳ ಆ ಕೋಚ್‌ನನ್ನು ಎತ್ತಿ ಆಡಿಸಿತು. ಅಲ್ಲಿ ಕಳರಿಯ ಗುರುವನ್ನು ಕರೆಯುವಂತೆ ‘ಆಶಾನ್’ ಎಂದು ಕರೆದರು. ನಮ್ಮ ಗರಡಿಮನೆಯಲ್ಲಿ ವಸ್ತಾದ ಎನ್ನುತ್ತಾರಲ್ಲ, ಆ ಗೌರವ. ಕ್ಲಬ್ಬು ಕರಾರು ಮುಂದುವರಿಸಿತು. ಎರಡನೆಯ ಸೀಸನ್ನಿನಲ್ಲಿ ಕೊಚ್ಚಿಯ ಸ್ಟೇಡಿಯಂ ಮತ್ತೆ ತುಂಬಿತು, ತಂಡ ಐದನೆಯ ಸ್ಥಾನದಲ್ಲಿ ಮುಗಿಸಿ ನಾಕೌಟ್‌ಗೆ ಬಂತು. ಎದುರಾಳಿ ಬೆಂಗಳೂರು ಎಫ್‌ಸಿ, ಜಾಗ ಕಂಠೀರವ ಕ್ರೀಡಾಂಗಣ, ದಿನ 2023ರ ಮಾರ್ಚ್ 3.

ಬೆಂಗಳೂರಿನಲ್ಲಿ ಮಲಯಾಳಿಗಳಿಗೇನು ಕೊರತೆಯೇ? ಒಂದು ಕಡೆ ಬೆಂಗಳೂರು ಅಭಿಮಾನಿಗಳ ವೆಸ್ಟ್ ಬ್ಲಾಕ್‌ನ ನೀಲಿ, ಇನ್ನೊಂದು ಕಡೆ ಹಳದಿ. ಕಾಸರಗೋಡಿನ ಕನ್ನಡಿಗರಲ್ಲಿ ಫುಟ್‌ಬಾಲ್ ನೋಡುವವರಿಗಂತೂ ಯಾವ ಕಡೆ ಕೂಗಬೇಕೆಂಬುದೇ ಪೇಚು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಗಿ ಕೆಲವೇ ನಿಮಿಷ ಆಗಿತ್ತು. ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಚೆಂಡಿನ ಮುಂದೆ ಸುನಿಲ್ ಛೆಟ್ರಿ. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿಕೊಳ್ಳುವ ಗಡಿಬಿಡಿಯಲ್ಲಿದ್ದರು, ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತನ್ನ ಗೆರೆ ಬಿಟ್ಟು ಮುಂದೆ ಬಂದಿದ್ದ. ಸೀಟಿ ಊದಲಿಲ್ಲ. ಛೆಟ್ರಿ ಮೆಲ್ಲಗೆ ಚೆಂಡನ್ನು ಎತ್ತಿ ಖಾಲಿ ಗೋಲಿಗೆ ಕಳಿಸಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಎಂದರು.

ನಿಯಮ ಏನು ಹೇಳುತ್ತದೆ? ಫುಟ್‌ಬಾಲಿನ ಹದಿಮೂರನೆಯ ನಿಯಮದಲ್ಲಿ ಫ್ರೀ ಕಿಕ್ ಹೊಡೆಯಲು ಸೀಟಿಗಾಗಿ ಕಾಯಲೇಬೇಕು ಎಂದಿಲ್ಲ. ಫೌಲ್ ಅನುಭವಿಸಿದ ತಂಡ ಬೇಕಾದರೆ ತಕ್ಷಣ ಹೊಡೆಯಬಹುದು, ಎದುರಾಳಿ ಅಷ್ಟರೊಳಗೆ ಸಜ್ಜಾಗದಿದ್ದರೆ ಅದು ಎದುರಾಳಿಯ ಪಾಡು. ಆದರೆ ಎದುರಾಳಿಯನ್ನು 9.15 ಮೀಟರ್ ಹಿಂದಕ್ಕೆ ಸರಿಸಿ ಎಂದು ಹೊಡೆಯುವವನು ಕೇಳಿದರೆ, ಅಥವಾ ರೆಫ್ರಿಯೇ ಗೋಡೆಯನ್ನು ಸರಿಸಲು ನಿಂತರೆ, ಆಗ ಸೀಟಿ ಊದಿದ ಮೇಲೆಯೇ ಹೊಡೆಯಬೇಕು. ಇಡೀ ಜಗಳ ಈ ಒಂದು ಗೆರೆಯ ಮೇಲೆ ನಿಂತಿತ್ತು. ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫ್ರಿಗೆ ಮೊದಲೇ ತಿಳಿಸಿದ್ದೆ ಎಂದು ಛೆಟ್ರಿ ಹೇಳಿದರು. ನಾವು ಸಜ್ಜಾಗುತ್ತಿದ್ದುದನ್ನು ರೆಫ್ರಿ ಕಂಡಿದ್ದರು, ಸೀಟಿ ಊದಬೇಕಿತ್ತು ಎಂಬುದು ಬ್ಲಾಸ್ಟರ್ಸ್ ವಾದ. ವಿಡಿಯೊ ನೋಡಿ ತೀರ್ಮಾನಿಸುವ ವ್ಯವಸ್ಥೆ ಐಎಸ್‌ಎಲ್‌ನಲ್ಲಿ ಇರಲಿಲ್ಲ. ಇವಾನ್ ಅವರ ದೇಶದವರೇ ಆದ ಬೊಷ್ಕೊವ್ ಇಟಲಿಯಲ್ಲಿದ್ದಾಗ ಆಡಿದ ಒಂದು ಮಾತು ಅಲ್ಲಿ ಗಾದೆಯಂತಾಗಿದೆ: ರೆಫ್ರಿ ಸೀಟಿ ಊದಿದರೆ ಅದು ಪೆನಾಲ್ಟಿ. ಕಂಠೀರವದಲ್ಲಿ ಊದದ ಸೀಟಿಯೇ ಎಲ್ಲವನ್ನೂ ಕೆಡಿಸಿತು.

ಇವಾನ್ ಗೆರೆ ದಾಟಿ ಮೈದಾನದೊಳಕ್ಕೆ ಬಂದರು. ಕೈಸನ್ನೆ ಮಾಡಿ ತಮ್ಮ ಆಟಗಾರರನ್ನೆಲ್ಲ ಹೊರಗೆ ಕರೆದರು. ಆಟಗಾರರು ಒಬ್ಬೊಬ್ಬರಾಗಿ ಡ್ರೆಸಿಂಗ್ ರೂಮಿನ ದಾರಿ ಹಿಡಿದರು. ಬೆಂಗಳೂರಿನ ತಂಡ ಮೈದಾನದಲ್ಲೇ ಕಾದಿತು. ಬ್ಲಾಸ್ಟರ್ಸ್ ಮರಳಲಿಲ್ಲ. ಪಂದ್ಯ ಬೆಂಗಳೂರಿಗೆ ಎಂದು ಘೋಷಿಸಿದರು. ಮುಂದೆ ಬೆಂಗಳೂರು ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ ಗೆದ್ದು, ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲೇ ಸೋತಿತು.

ಮಾರ್ಚ್ 31ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯ ತೀರ್ಪು ಬಂತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಸಾರ್ವಜನಿಕ ಕ್ಷಮೆ ಕೇಳದಿದ್ದರೆ 6 ಕೋಟಿ. ಇವಾನ್ ಅವರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಕ್ಷಮೆ ಕೇಳದಿದ್ದರೆ ದಂಡ 10 ಲಕ್ಷ. ನಿಷೇಧ ಎಂದರೆ ಬೆಂಚಿಗೂ ಇಲ್ಲ, ಡ್ರೆಸಿಂಗ್ ರೂಮಿಗೂ ಇಲ್ಲ. ಎರಡು ದಿನ ಬಿಟ್ಟು ಕ್ಲಬ್ಬೂ ಕೋಚೂ ಕ್ಷಮೆ ಕೇಳಿದರು. ಮೇಲ್ಮನವಿ ಫಲಿಸಲಿಲ್ಲ.

ನನ್ನ ಲೆಕ್ಕದಲ್ಲಿ ಗೋಲು ಸರಿ. ರೆಫ್ರಿಯ ನಿಭಾವಣೆ ಅರೆಬರೆ. ತಂಡವನ್ನು ಹೊರಗೆ ಕರೆದದ್ದು ಶುದ್ಧ ತಪ್ಪು. ಹೆಚ್ಚುವರಿ ಆಟದಲ್ಲಿ ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಉಳಿದಿತ್ತು. ಒಂದು ಗೋಲು ತಿರುಗಿಸಲು ಅದು ಸಾಕು. ಅದಕ್ಕಿಂತ ಕೆಟ್ಟದ್ದೆಂದರೆ, ಆ ನಿರ್ಧಾರ ಕೋಚ್‌ನದು, ಹೊರಗೆ ನಡೆದದ್ದು ಆಟಗಾರರು. ಹಿರಿಯರ ಮಾತು ಮೀರಲಾಗದ ಇಪ್ಪತ್ತರ ಹುಡುಗರು ಆ ತಂಡದಲ್ಲಿದ್ದರು. 2012ರಲ್ಲಿ ಮೋಹನ್ ಬಾಗಾನ್ ಕೂಡ ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯವನ್ನು ಅರ್ಧಕ್ಕೆ ಬಿಟ್ಟು, ಮೊದಲು ನಿಷೇಧಕ್ಕೆ, ಆಮೇಲೆ ಎರಡು ಕೋಟಿಯ ದಂಡಕ್ಕೆ ಗುರಿಯಾಗಿತ್ತು. ಆ ಪಾಠ ಎದುರಿಗಿದ್ದೂ ಹೀಗಾಯಿತು. ಕೇರಳದ ಅಭಿಮಾನಿಗಳು ನನ್ನ ಈ ಮಾತು ಒಪ್ಪಲಾರರು, ಗೊತ್ತಿದೆ. ಅವರ ಕಣ್ಣಿಗೆ ಅಂದು ಇವಾನ್ ತಮ್ಮ ಪರವಾಗಿ ನಿಂತ ಮನುಷ್ಯ. ಬಾಡಿಗೆ ಬಂಟ ಯಾರೂ ಹೀಗೆ ತನ್ನ ಕೆಲಸವನ್ನೇ ಪಣಕ್ಕೆ ಒಡ್ಡುವುದಿಲ್ಲ ಎಂಬುದು ಅವರ ವಾದ. ಅದನ್ನೂ ತಳ್ಳಿಹಾಕುವಂತಿಲ್ಲ.

ಕ್ಲಬ್ಬು ಅವರನ್ನು ಕೈಬಿಡಲಿಲ್ಲ, ಇದು ಗಮನಿಸಬೇಕಾದ ಸಂಗತಿ. ಅಷ್ಟು ದೊಡ್ಡ ದಂಡ ತಂದಿಟ್ಟ ಕೋಚ್‌ನನ್ನು ಮನೆಗೆ ಕಳಿಸುವುದು ಬೇರೆ ಯಾವ ಕ್ಲಬ್ಬಿಗಾದರೂ ಸುಲಭದ ದಾರಿ. ನಿಷೇಧದ ಅವಧಿಯಲ್ಲಿ ಬೆಲ್ಜಿಯಂನ ಸಹಾಯಕ ಫ್ರಾಂಕ್ ಡಾವೆನ್ ಬೆಂಚಿನಲ್ಲಿ ನಿಂತರು. 2023ರ ಅಕ್ಟೋಬರ್ 27ರಂದು ಒಡಿಶಾ ವಿರುದ್ಧ ಕೊಚ್ಚಿಯಲ್ಲಿ ಇವಾನ್ ಮರಳಿದಾಗ ಸ್ಟೇಡಿಯಂ ಹಬ್ಬದಂತಾಯಿತು. ಬ್ಲಾಸ್ಟರ್ಸ್ 2–1ರಿಂದ ಗೆದ್ದಿತು. ಆ ಮೂರನೆಯ ಸೀಸನ್ನಿನಲ್ಲಿ ಡಿಸೆಂಬರಿನಲ್ಲಿ ಲೂನಾ ಮೊಣಕಾಲಿನ ಗಾಯದಿಂದ ಹೊರಬಿದ್ದ ಮೇಲೆ ತಂಡ ಇಳಿಮುಖವಾಯಿತು. ಗ್ರೀಸಿನ ಡಿಮಿಟ್ರಿಯೊಸ್ ಡಯಮಂಟಕೊಸ್ 13 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರೂ ತಂಡಕ್ಕೆ ಐದನೆಯ ಸ್ಥಾನವೇ ಗತಿ. 2024ರ ಏಪ್ರಿಲ್ 19ರಂದು ಪ್ಲೇಆಫ್‌ನಲ್ಲಿ ಒಡಿಶಾ ಎದುರು ಹೆಚ್ಚುವರಿ ಸಮಯದಲ್ಲಿ 1–2ರ ಸೋಲು. ಒಂದು ವಾರದಲ್ಲಿ, ಏಪ್ರಿಲ್ 26ರಂದು, ಕ್ಲಬ್ಬು ಮತ್ತು ಕೋಚ್ ಬೇರೆಯಾದರು. ಕಪ್ಪುಗಳ ಲೆಕ್ಕ: ಸೊನ್ನೆ.

ಹಾಗಾದರೆ ಒಗಟಿಗೆ ಉತ್ತರ? ನನಗೆ ಕಾಣುವುದು ಇಷ್ಟು. ಝೊರಾನ್ ಒಂದು ಸೀಸನ್ನಿಗೆ ಬಂದರು, ಗೆದ್ದರು, ಹೋದರು. ಇವಾನ್ ಮೂರು ಸೀಸನ್ ಇದ್ದರು, ಮೂರರಲ್ಲೂ ತಂಡವನ್ನು ಪ್ಲೇಆಫ್ ಮುಟ್ಟಿಸಿದರು. ಆ ಕ್ಲಬ್ಬಿನಲ್ಲಿ ಮತ್ತಾರೂ ಅದನ್ನು ಮಾಡಿರಲಿಲ್ಲ. ಆ ಮೂರು ವರ್ಷದಲ್ಲಿ ಲಕ್ಷದ್ವೀಪದಿಂದ ಬಂದ ಅವಳಿ ಸೋದರರಾದ ಐಮೆನ್ ಮತ್ತು ಅಝರ್, ಮಿಡ್‌ಫೀಲ್ಡಿನ ವಿಬಿನ್ ಮೋಹನನ್, ಗೋಲ್‌ಕೀಪರ್ ಸಚಿನ್ ಸುರೇಶ್ ಹಿರಿಯರ ತಂಡದಲ್ಲಿ ಜಾಗ ಕಂಡರು. ನಿಷೇಧ, ಗಾಯ, ಸೋಲು ಯಾವುದಕ್ಕೂ ನಡುವೆ ಕೆಲಸ ಹೋಗಲಿಲ್ಲವಾದ್ದರಿಂದಲೇ ಒಬ್ಬ ಹುಡುಗನನ್ನು ಮೂರು ವರ್ಷ ನೋಡಿ ತಿದ್ದುವ ಅವಕಾಶ ಆ ಕೋಚ್‌ಗೆ ಸಿಕ್ಕಿತು. ಲಿಯೆಜ್‌ನಲ್ಲಿ ನಾಲ್ಕು ತಿಂಗಳಲ್ಲಿ ಯಾರನ್ನು ತಾನೆ ತಿದ್ದಲು ಬರುತ್ತದೆ?

ಉತ್ತರ ಕರ್ನಾಟಕದ ಮಟ್ಟಿಗೆ ಈ ಕತೆಯ ಪಕ್ಕದಲ್ಲಿ ಇಡಬಹುದಾದ ಜಾಗ ಒಂದೇ: ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಬೆಂಗಳೂರು ಎಫ್‌ಸಿಯ ಒಡೆಯರಾದ ಜೆಎಸ್‌ಡಬ್ಲ್ಯು ಕಟ್ಟಿಸಿದ್ದು. ಬೆಂಗಳೂರು ತಂಡ ಸೀಸನ್ನಿಗೆ ಮುಂಚಿನ ಅಭ್ಯಾಸವನ್ನು ಅಲ್ಲಿ ಮಾಡಿದ್ದಿದೆ. ಆದರೆ ಉಕ್ಕಿನ ಕಾರ್ಖಾನೆಯ ನೆರಳಿನ ಆ ಹಸಿರು ಮೈದಾನಕ್ಕೂ ಮುದ್ದೇಬಿಹಾಳದ ಪ್ರೌಢಶಾಲೆಯ ಕೆಂಪು ಮಣ್ಣಿನ ಅಂಗಳಕ್ಕೂ ನಡುವೆ ಮೆಟ್ಟಿಲೇ ಇಲ್ಲ. ಸರ್ಬಿಯಾದಲ್ಲಿ ಆ ಮೆಟ್ಟಿಲು ಇದೆ. ಉಝಿತ್ಸೆಯಂಥ ಊರಿನಲ್ಲೂ ಒಂದು ಕ್ಲಬ್ಬು, ಅದಕ್ಕೆ ಒಬ್ಬ ಕೋಚ್, ಆ ಕೋಚ್‌ಗೆ ಒಂದು ಲೈಸನ್ಸು. ಆಟ ಬಿಟ್ಟ ಮೂವತ್ತೈದರ ಮನುಷ್ಯನಿಗೆ ಕೋಚಿಂಗ್ ಎಂಬುದು ಓದಿ, ಪರೀಕ್ಷೆ ಕಟ್ಟಿ ಸೇರುವ ಕಸುಬು. ನಮ್ಮಲ್ಲಿ ಆಡುವವನು ಇಪ್ಪತ್ತೆರಡಕ್ಕೆ ಆಟ ಬಿಟ್ಟರೆ ಅಲ್ಲಿಗೆ ಮುಗಿಯಿತು.

ಕೋಚ್‌ಗಳ ಆ ದಾರಿ ಭಾರತದಲ್ಲೂ ಇಲ್ಲದಿಲ್ಲ. ಫೆಡರೇಷನ್ನಿನ ‘ಇ’ ಮತ್ತು ‘ಡಿ’ ಲೈಸನ್ಸುಗಳು ಕೆಳಗಿನ ಮೆಟ್ಟಿಲು. ಅದರ ಮೇಲೆ ಏಷ್ಯಾ ಒಕ್ಕೂಟದ ಸಿ, ಬಿ, ಎ, ಕೊನೆಗೆ ಪ್ರೊ. ಕೆಳಗಿನ ಕೋರ್ಸುಗಳಿಗೆ ರಾಷ್ಟ್ರೀಯ ಆಟಗಾರರೇ ಆಗಿರಬೇಕೆಂಬ ಕಟ್ಟಳೆ ಇಲ್ಲ. ಈ ನಾಲ್ಕೂ ತಾಲ್ಲೂಕುಗಳ ದೈಹಿಕ ಶಿಕ್ಷಣದ ಮಾಸ್ತರರಿಗೆ, ಗೋವಾದಲ್ಲಿ ಬೆಳೆದು ಚೆಂಡಿನ ಹದ ಕಲಿತು ಊರಿಗೆ ಮರಳಿದ ಹುಡುಗರಿಗೆ ನನ್ನದೊಂದು ವಿನಂತಿ: ಮುಂದಿನ ಕೋರ್ಸಿನ ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಶಾಲಾ ಆಡಳಿತ ಮಂಡಳಿಯವರೇ, ಅವರಿಗೆ ಆ ಕೆಲವು ದಿನಗಳ ರಜೆ ಕೊಡಿ, ಅಂಗಳದ ಎರಡು ತುದಿಗೆ ಗೋಲು ಕಂಬ ಹಾಕಿಸಿ, ಮೂರು ವರ್ಷ ಫಲಿತಾಂಶ ಕೇಳಬೇಡಿ.